ಚಂದ್ರನಿಗೆ ಬಣ್ಣವೇ ಹಚ್ಚಿಲ್ಲ

ಪ್ರಶ್ನೆ: ಯೊಕೊಹಾಮಾದಲ್ಲಿರುವ ಮಗಳು ಒಂದು ಪೋಸ್ಟ್‌ಕಾರ್ಡ್ ಕಳಿಸಿದ್ದಾಳೆ. ಹುಣ್ಣಿಮೆ ರಾತ್ರಿ, ಕೊಲ್ಲಿಯ ನೀರು, ಗುಡ್ಡ, ಪುಟ್ಟಪುಟ್ಟ ದೋಣಿ. ಹಿಂದುಗಡೆ 'ಹಿರೋಶಿಗೆ, ಕನಜಾವಾ, 1857' ಅಂತಿದೆ. ಮ್ಯಾಪ್‌ನಲ್ಲಿ ನೋಡಿದರೆ ಕನಜಾವಾ ಜಪಾನಿನ ಆಚೆ ಕಡೆಯ ಕರಾವಳಿಯಲ್ಲಿದೆ. ಇದು ಅದೇನಾ? ಮರದ ಅಚ್ಚಿನಲ್ಲಿ ಬೆಳದಿಂಗಳನ್ನು ಹೇಗೆ ಒತ್ತುತ್ತಾರೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಅಲ್ಲ, ಇದು ಬೇರೆ ಕನಜಾವಾ. ಈಗ ಯೊಕೊಹಾಮಾದ್ದೇ ಒಂದು ವಾರ್ಡು, ಮಗಳು ರಜೆಯ ದಿನ ಹೋಗಿ ನೋಡಿಕೊಂಡು ಬರಬಹುದು. ಆದರೆ ಚಿತ್ರದ ಸಮುದ್ರ ಅಲ್ಲಿ ಸಿಗುವುದಿಲ್ಲ. ಎಷ್ಟೋ ಭಾಗಕ್ಕೆ ಮಣ್ಣು ತುಂಬಿ ನೆಲ ಮಾಡಿದ್ದಾರೆ. ಆ ಊರಿನ ಎಂಟು ನೋಟಗಳು ಹಿಂದೆ ಬಹಳ ಹೆಸರುವಾಸಿ, ಜಪಾನಿನ ಚಿತ್ರಕಾರ ಹಿರೋಶಿಗೆ ಅವನ್ನೆಲ್ಲ ಒಂದೇ ರಾತ್ರಿಯೊಳಗೆ ಕೂರಿಸಿಬಿಟ್ಟಿದ್ದಾನೆ. ಈಗ ಅಲ್ಲಿ ಹಕ್ಕೇಜಿಮಾ ಅಂತ ಒಂದು ಕೃತಕ ದ್ವೀಪ ಇದೆ, ಮೇಲೆ ಅಮ್ಯೂಸ್‌ಮೆಂಟ್ ಪಾರ್ಕು. 'ಹಕ್ಕೇ' ಅಂದರೆ ಎಂಟು ನೋಟ. ಹೆಸರಾದರೂ ಉಳಿಯಿತು ಅನ್ನಿ.

ಇನ್ನು ಬೆಳದಿಂಗಳು. ಅದನ್ನು ಒತ್ತುವುದೇ ಇಲ್ಲ! ಕಾರ್ಡಿನ ಚಂದ್ರನನ್ನು ಇನ್ನೊಮ್ಮೆ ನೋಡಿ, ಅದು ಬಿಳಿ ಬಣ್ಣ ಅಲ್ಲ, ಬರೀ ಕಾಗದ. ಚೆರ್ರಿ ಮರದ ಹಲಗೆಯಲ್ಲಿ ಚಂದ್ರ ಬರುವ ಜಾಗವನ್ನು ಕೆತ್ತಿ ತಗ್ಗು ಮಾಡಿರುತ್ತಾರೆ, ಅಲ್ಲಿಗೆ ಬಣ್ಣ ತಾಗುವುದಿಲ್ಲ. ಕಷ್ಟ ಇರುವುದು ಸುತ್ತಲಿನ ಕತ್ತಲೆಯಲ್ಲಿ. ಆಕಾಶದ ಮೇಲಂಚು ಕಡುಗಪ್ಪಾಗಿ ಕೆಳಗೆ ಬರುತ್ತಾ ತಿಳಿಯಾಗುತ್ತದಲ್ವಾ, ಅದಕ್ಕೆ ಬೊಕಾಶಿ ಅನ್ನುತ್ತಾರೆ. ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಂದಂಚಿಗೆ ಮಾತ್ರ ಬಣ್ಣ ಇಟ್ಟು, ಬ್ರಶ್‌ನಿಂದ ಎಳೆದು ಕರಗಿಸಿ, ಮೇಲೆ ಕಾಗದ ಹಾಸಿ, ಬಿದಿರಿನ ಹಾಳೆ ಸುತ್ತಿದ ದುಂಡನೆಯ ಬಾರೆನ್‌ನಿಂದ ಉಜ್ಜುತ್ತಾರೆ. ಮುಂದಿನ ಪ್ರತಿಗೆ ಪುನಃ ಮೊದಲಿಂದ. ಹಾಗಾಗಿ ಒಂದೇ ಚಿತ್ರದ ಎರಡು ಪ್ರತಿಗಳಲ್ಲಿ ಆಕಾಶ ಒಂದೇ ಥರ ಇರುವುದಿಲ್ಲ. ಹಿರೋಶಿಗೆ ಬರೆದಿದ್ದು ಮೂಲ ರೇಖಾಚಿತ್ರ ಮಾತ್ರ, ಕೆತ್ತಿದವನು ಬೇರೆ, ಒತ್ತಿದವನು ಬೇರೆ. ಹೆಸರು ಮಾತ್ರ ಹಿರೋಶಿಗೆಯದ್ದು, ನನಗೆ ಇದೊಂದು ಸ್ವಲ್ಪ ಅನ್ಯಾಯ ಅನ್ನಿಸುತ್ತದೆ.

ಅಂದಹಾಗೆ ಮೂಲ ಚಿತ್ರ ಕಾರ್ಡಿನಷ್ಟು ಚಿಕ್ಕದಲ್ಲ. ಪಕ್ಕಪಕ್ಕ ಜೋಡಿಸಿದ ಮೂರು ಹಾಳೆ, ಒಟ್ಟು ಅಗಲ ಸುಮಾರು 75 ಸೆಂಟಿಮೀಟರ್. ಹಿಮ, ಚಂದ್ರ, ಹೂವು ಅಂತ ಅದೇ ವರ್ಷ ಮಾಡಿದ ಮೂರರಲ್ಲಿ ಇದು ಚಂದ್ರ. ಹೂವಿನ ಲೆಕ್ಕಕ್ಕೆ ಬರುವುದು ನರುತೋ ಜಲಸಂಧಿಯ ಸುಳಿಗಳು, ನೊರೆಯನ್ನೇ ಹೂವು ಅಂದುಕೊಳ್ಳಬೇಕು! ಮರುವರ್ಷವೇ ಹಿರೋಶಿಗೆ ತೀರಿಕೊಂಡ.

ಪ್ರಶ್ನೆ: ಮನೆಯಲ್ಲಿ ಇಂಥದ್ದೇ ಒಂದು ಫ್ರೇಮ್ ಹಾಕಿಸಿದ ಚಿತ್ರ ಇದೆ. ಅಸಲಿಯಾ ಅಂತ ತಿಳಿಯುವುದು ಹೇಗೆ?
– ಇನ್ನೊಬ್ಬ ಓದುಗರು, ಮೈಸೂರು

ಉತ್ತರ: ಭೂತಗನ್ನಡಿ ಹಿಡಿಯಿರಿ. ಸಣ್ಣ ಸಣ್ಣ ಚುಕ್ಕಿಗಳ ಸಾಲು ಕಂಡರೆ ಅದು ಪ್ರೆಸ್ಸಿನದ್ದು. ಕಾಣದಿದ್ದರೆ ಫ್ರೇಮ್ ಬಿಚ್ಚಿ ಹಿಂಬದಿ ನೋಡಿ, ಕೈಯಲ್ಲಿ ಉಜ್ಜಿದ್ದಾದರೆ ಬಣ್ಣ ಸಾಮಾನ್ಯವಾಗಿ ಅಲ್ಲಿಗೂ ಇಳಿದಿರುತ್ತದೆ. ಆದರೂ ಹಿಗ್ಗಬೇಡಿ. ಹಳೆಯ ಚಿತ್ರಗಳಿಗೆ ಹೊಸದಾಗಿ ಹಲಗೆ ಕೆತ್ತಿ ಈಗಲೂ ಕೈಯಲ್ಲೇ ಒತ್ತುತ್ತಾರೆ.