ಎಲ್‌ಎಲ್‌ಆರ್ ಪರೀಕ್ಷೆಯಲ್ಲಿ ಎರಡು ಸಲ ಫೇಲ್: ಒಂದು ಆಪ್ತಸಲಹೆ ಪ್ರಕರಣ

(ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ಸುಮಿತ್ರಾ ಅವರಿಗೆ 44 ವರ್ಷ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ನಿದ್ದೆ ಬರುತ್ತಿಲ್ಲ ಎಂದು ಬಂದಿದ್ದರು. ಮಾತಾಡುತ್ತಾ ಎಲ್‌ಎಲ್‌ಆರ್ (ಗಾಡಿ ಕಲಿಯುವವರ ಲೈಸೆನ್ಸ್) ವಿಷಯ ಹೊರಗೆ ಬಂತು. ಮಗ ಸ್ಕೂಟರ್ ಕೊಡಿಸಿದ್ದಾನೆ, ಇವರು ಪರೀಕ್ಷೆಯಲ್ಲಿ ಎರಡು ಸಲ ಫೇಲ್.

“ಎಸ್ಸೆಸ್ಸೆಲ್ಸಿಯಲ್ಲೂ ಗಣಿತ ಹೋಗಿತ್ತು ಮೇಡಂ. ನನ್ನ ತಲೆಗೆ ಏನೂ ಹತ್ತಲ್ಲ. ಸುಮ್ನೆ ಏಜೆಂಟಿಗೆ ದುಡ್ಡು ಕೊಡೋಣ ಬಿಡಮ್ಮ ಅಂತಾನೆ ಮಗ.”

ಭಯದ ಮಾತಿಗೆ ನಾನು ಆಮೇಲೆ ಬಂದೆ. ಮೊದಲು ಕೇಳಿದ್ದು, ಹೇಗೆ ಓದಿದಿರಿ ಅಂತ. ಹಿಂದಿನ ರಾತ್ರಿ ಹನ್ನೆರಡರವರೆಗೆ, ಮತ್ತೆ ಬೆಳಗಿನ ಜಾವ, ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದರಂತೆ. ಆ ಪುಸ್ತಕ ನೋಡಿದೆ. ಪ್ರತಿ ಚಿಹ್ನೆಯ ಕೆಳಗೂ ಅದರ ಅರ್ಥ ಅಚ್ಚಾಗಿತ್ತು. ಉತ್ತರ ಕಣ್ಣೆದುರೇ ಇದ್ದರೆ ಯಾರಿಗಾದರೂ ಎಲ್ಲಾ ಗೊತ್ತು ಅನಿಸುತ್ತದೆ, ಅಲ್ವಾ? ಪರೀಕ್ಷೆಯ ಪರದೆಯಲ್ಲಿ ಚಿತ್ರದ ಕೆಳಗೆ ಇರುವುದು ಆಯ್ಕೆಗಳು.

2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನೇ ಪರೀಕ್ಷಿಸಿದ್ದರು. ಓದಿದ ಐದು ನಿಮಿಷಕ್ಕೆ ಕೇಳಿದರೆ, ಮತ್ತೆ ಮತ್ತೆ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದಾಗ, ಪುಸ್ತಕ ಮುಚ್ಚಿ ನೆನಪಿಸಿಕೊಂಡವರು ಮುಂದೆ.

ಅಲ್ಲೇ ಅರ್ಥಗಳ ಮೇಲೆ ಒಂದು ರಟ್ಟಿನ ತುಂಡು ಇಟ್ಟು ಹೇಳಿಸಿದೆ. ಅರ್ಧಕ್ಕಿಂತ ಜಾಸ್ತಿ ಸರಿ ಹೇಳಿದರು. ತಪ್ಪಾಗಿದ್ದು ಒಂದಕ್ಕೊಂದು ಹೋಲುವ ಚಿಹ್ನೆಗಳಲ್ಲಿ. ನೀಲಿ ವೃತ್ತದ ಮೇಲೆ ಒಂದು ಕೆಂಪು ಗೆರೆ ಇದ್ದರೆ ಪಾರ್ಕಿಂಗ್ ಇಲ್ಲ. ಒಂದನ್ನೊಂದು ಕತ್ತರಿಸುವ ಎರಡು ಗೆರೆ ಇದ್ದರೆ ಗಾಡಿ ನಿಲ್ಲಿಸಲೇಬಾರದು. ಇವೆರಡೂ ಅವರ ತಲೆಯಲ್ಲಿ ಕಲಸಿಹೋಗಿದ್ದವು. ‘ತಲೆಗೆ ಹತ್ತಲ್ಲ’ ಅನ್ನುವುದು ಎಷ್ಟು ಸಣ್ಣದಾಗಿ ಹೋಯಿತು ನೋಡಿ.

ನಾನು ಕೊಟ್ಟ ಸಲಹೆ ಇಷ್ಟು. ದಿನಕ್ಕೆ ಇಪ್ಪತ್ತು ನಿಮಿಷ ಸಾಕು, ಅದೂ ಉತ್ತರ ಮುಚ್ಚಿಕೊಂಡು. ತಪ್ಪಾದವನ್ನು ಬೇರೆ ಹಾಳೆಯಲ್ಲಿ ಬರೆದು, ಮರುದಿನ ಅಲ್ಲಿಂದಲೇ ಶುರು ಮಾಡಬೇಕು. ಚಿಹ್ನೆಗಳನ್ನು ಆಕಾರ ನೋಡಿ ಗುಂಪು ಮಾಡಬೇಕು: ಕೆಂಪು ಅಂಚಿನ ತ್ರಿಕೋನ ಎಚ್ಚರಿಕೆ, ವೃತ್ತ ಪಾಲಿಸಲೇಬೇಕಾದ ಆಜ್ಞೆ, ನೀಲಿ ಆಯತ ಮಾಹಿತಿ. ‘ನಿಲ್ಲಿ’ಗೆ ಎಂಟು ಮೂಲೆ, ‘ದಾರಿ ಬಿಡಿ’ಗೆ ತಲೆಕೆಳಗಾದ ತ್ರಿಕೋನ. ಇವೆರಡು ಬೇರೆ ಆಕಾರದವು, ಆದರೂ ಆಜ್ಞೆಗಳೇ.

ನಿಯಮಗಳನ್ನು ಬಾಯಿಪಾಠ ಮಾಡಬೇಡಿ, ನಿಮಗೆ ಗೊತ್ತಿರುವ ರಸ್ತೆಯಲ್ಲಿಟ್ಟು ನೋಡಿ ಎಂದೆ. ಅವರ ಊರಿನ ಹೊರಗೆ ರೈಲ್ವೆ ಹಳಿ ಇದೆ. ಅಲ್ಲಿ ಗೇಟು, ಕಾವಲು ಎರಡೂ ಇಲ್ಲ ಅಂದುಕೊಳ್ಳಿ. ಒಬ್ಬರೇ ಬಂದಿದ್ದರೆ ಗಾಡಿ ನಿಲ್ಲಿಸಿ, ಇಳಿದು ನಡೆದು, ಎರಡೂ ಕಡೆ ರೈಲಿಲ್ಲ ಎಂದು ನೋಡಿಯೇ ದಾಟಬೇಕು. ಇದನ್ನು ಮಾತ್ರ ಮತ್ತೆ ಕೇಳಬೇಕಾಗಲಿಲ್ಲ.

ಇನ್ನೊಂದು ವಿಷಯ ಅವರಿಗೆ ಗೊತ್ತೇ ಇರಲಿಲ್ಲ. ಎಲ್ಲಾ ಉತ್ತರ ಸರಿ ಇರಬೇಕು ಎಂದೇ ನಂಬಿದ್ದರು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಶೇ. 60 ಬೇಕು. ಮೊದಲ ಪ್ರಶ್ನೆ ತಪ್ಪಾದ ಕೂಡಲೇ ‘ಮುಗೀತು’ ಎಂದು ಕೈ ನಡುಗುತ್ತಿದ್ದದ್ದು ಇದರಿಂದ. ಒಂದು ತಪ್ಪಾದರೆ ಒಂದು ಉಸಿರು ತೆಗೆದುಕೊಂಡು ಮುಂದಿನದಕ್ಕೆ ಹೋಗುವುದನ್ನು ನನ್ನೆದುರೇ ಅಭ್ಯಾಸ ಮಾಡಿದೆವು. ಹಿಂದಿನ ರಾತ್ರಿ ಪುಸ್ತಕ ಮುಟ್ಟುವಂತಿಲ್ಲ ಎಂದೂ ಹೇಳಿದೆ.

ಏಜೆಂಟ್ ಬೇಡ ಎಂದು ಖಡಾಖಂಡಿತವಾಗಿ ಹೇಳಿದೆ. ಪರೀಕ್ಷೆಯಲ್ಲಿ ಕೇಳುವುದೆಲ್ಲ ನಾಳೆ ರಸ್ತೆಯಲ್ಲಿ ಬೇಕಾಗುವುದೇ. ಮಗನನ್ನೂ ಕರೆಸಿ, ದಿನಾ ಸಂಜೆ ಪ್ರಶ್ನೆ ಕೇಳುವ ಕೆಲಸ ಒಪ್ಪಿಸಿದೆ.

ಮೂರನೇ ಸಲ ಪಾಸಾದರು. 30 ದಿನ ಕಳೆದ ಮೇಲೆ ಡ್ರೈವಿಂಗ್ ಟೆಸ್ಟಿಗೆ ಹೋಗಬಹುದು, ಎಲ್‌ಎಲ್‌ಆರ್ ಆರು ತಿಂಗಳು ನಡೆಯುತ್ತದೆ, ಆತುರ ಬೇಡ ಎಂದಿದ್ದೇನೆ. ನಿದ್ದೆಯ ತೊಂದರೆ ಪೂರ್ತಿ ಹೋಗಿಲ್ಲ. ಅದಕ್ಕೆ ಮನೆಯ ಬೇರೆ ಕಾರಣಗಳಿವೆ, ಆ ಮಾತುಕತೆ ಮುಂದುವರಿದಿದೆ.