ಕುಷ್ಠರೋಗಿಗಳನ್ನು ಹೊರಗಿಟ್ಟದ್ದು ಊರೋ, ಆಸ್ಪತ್ರೆಯೋ?

ಬ್ರಿಟಿಷರ ಕಾಲದ ಆಫ್ರಿಕಾದ ಹಳ್ಳಿಗಳಲ್ಲಿ ಕುಷ್ಠರೋಗಿಗಳನ್ನು ಬೇರೆ ಮಾಡಿದ್ದು ಊರವರೋ ಮಿಷನರಿಗಳೋ ಎಂದು ಕೇಳಿದ್ದೀರಿ. ಆಫ್ರಿಕಾ ಬಹಳ ದೊಡ್ಡದು. ನಾನು ಆಸ್ಥೆಯಿಂದ ಓದಿಕೊಂಡಿರುವುದು ಪೂರ್ವ ನೈಜೀರಿಯಾದ ಓವೆರಿ ಪ್ರಾಂತ್ಯದ ಬಗ್ಗೆ ಮಾತ್ರ. ಅಲ್ಲಿ ಇಬ್ಬರೂ ಮಾಡಿದರು, ಆದರೆ ಎರಡೂ ಒಂದೇ ತರಹದ್ದಲ್ಲ.

ಅಲ್ಲಿನ ಜನರ ಇಗ್ಬೋ ಭಾಷೆಯಲ್ಲಿ ಈ ರೋಗಕ್ಕೆ 'ಎಕ್ಪೆಂಟಾ' ಎನ್ನುತ್ತಾರೆ. ಅದು ಅಂಟಿದವರು ಭೂದೇವಿ 'ಅಲಾ'ಳಿಗೆ ಮೈಲಿಗೆ ಎಂಬ ನಂಬಿಕೆಯಿತ್ತು. ಸತ್ತವರನ್ನು ಮನೆಯಂಗಳದಲ್ಲೇ ಹೂಳುವ ಜನ ಇವರ ಹೆಣವನ್ನು ಮಾತ್ರ 'ಕೆಟ್ಟ ಕಾಡಿ'ಗೆ ಹಾಕುತ್ತಿದ್ದರು. ಸತ್ತ ಮೇಲೂ ಮನೆಗೆ ಸೇರಿಸದ ಶಿಕ್ಷೆ ಅದು.

1932ರಲ್ಲಿ ಮೆಥಡಿಸ್ಟ್ ಮಿಷನ್ ಅದೇ ಪ್ರಾಂತ್ಯದ ಉಜುಅಕೋಲಿ ಎಂಬ ಊರಿನಲ್ಲಿ ಕುಷ್ಠರೋಗಿಗಳ ವಸತಿ ಶುರುಮಾಡಿತು. 1936ರಲ್ಲಿ ಬಂದ ಡಾ. ಫ್ರಾಂಕ್ ಡೇವಿ ಕಾಲದಲ್ಲಿ ಸುತ್ತಲಿನ ಕುಲದವರೇ ತಮ್ಮ ರೋಗಿಗಳಿಗೆ ಜಮೀನು ಬಿಟ್ಟುಕೊಟ್ಟು ಬೇರೆ ಹಳ್ಳಿಗಳನ್ನು ಕಟ್ಟಿಸಿದರು. ಅಲ್ಲೇ ಬೇಸಾಯ, ಅಲ್ಲೇ ಚಿಕಿತ್ಸೆ. ಇದೂ ದೂರವಿಡುವುದೇ, ನಿಜ. ಆದರೆ ಕಾಡಿಗೂ ಇದಕ್ಕೂ ಇರುವ ಅಂತರವನ್ನು ನಾನು ಸಣ್ಣದೆನ್ನಲಾರೆ. ಇಲ್ಲಿ ಮನೆ, ಹೊಲ, ಹಾಡು ಇದ್ದವು.

ಹಾಡು ಎಂದೆನಲ್ಲ, ಇಕೋಲಿ ಹಾರ್ಕೋರ್ಟ್ ವೈಟ್ ಹೆಸರು ಹೇಳಲೇಬೇಕು. 1905ರಲ್ಲಿ ಹುಟ್ಟಿದ ಕಲಾಬಾರಿ ಜನಾಂಗದವರು, ಎಳೆಯ ವಯಸ್ಸಿನಲ್ಲೇ ರೋಗ ಬಂತು. ಪೋರ್ಟ್ ಹಾರ್ಕೋರ್ಟ್‌ನಿಂದ ಉಜುಅಕೋಲಿಗೆ ಬಂದು ರೋಗಿಗಳದೇ ಗಾಯನ ತಂಡ ಕಟ್ಟಿದರು. ತಮ್ಮದಲ್ಲದ ಇಗ್ಬೋ ಭಾಷೆಯಲ್ಲಿ ನೂರಾರು ಕೀರ್ತನೆಗಳನ್ನು ರಚಿಸಿದರು. ಯಾರ ಹೆಣ ಕಾಡು ಸೇರಬೇಕಿತ್ತೋ ಅವರ ಹಾಡನ್ನು ಊರಿನ ಚರ್ಚುಗಳು ಹಾಡಿದವು. ಗುಣವಾದ ಮೇಲೂ ಅವರು ಉಜುಅಕೋಲಿ ಬಿಡಲಿಲ್ಲ. ತೀರಿಕೊಂಡದ್ದು 1977ರಲ್ಲಿ.

ಮೊದಲು ಕೊಡುತ್ತಿದ್ದ ಮದ್ದು ನಮ್ಮ ಪಶ್ಚಿಮ ಘಟ್ಟದ ಗರುಡಫಲದ ಜಾತಿಯ ಬೀಜದೆಣ್ಣೆ. ಮಚ್ಚೆ ಇದ್ದಲ್ಲೆಲ್ಲ ಸೂಜಿ ಚುಚ್ಚಿ ಇಳಿಸುತ್ತಿದ್ದರು, ನೋವು ಬಹಳ, ಗುಣ ಕಡಿಮೆ. 1940ರ ದಶಕದ ಕೊನೆಗೆ ಡಾ. ಜಾನ್ ಲೋ ಅಲ್ಲಿ ಡ್ಯಾಪ್ಸೋನ್ ಗುಳಿಗೆ ಕೊಟ್ಟು ನೋಡಿದರು. ಹೊರಗಿಡುವ ಅಗತ್ಯವೇ ಕರಗತೊಡಗಿದ್ದು ಆ ಅಗ್ಗದ ಗುಳಿಗೆಯಿಂದ.

ನಾನು ತೊಂಬತ್ತರ ದಶಕದಲ್ಲಿ ರಾಯಚೂರು ಕಡೆ ಕುಷ್ಠರೋಗ ವಿಭಾಗದಲ್ಲಿ ಮನೆಮನೆ ಸುತ್ತುವ ಕೆಲಸಗಾರನಾಗಿದ್ದೆ. ಮಚ್ಚೆಯಲ್ಲಿ ಸ್ಪರ್ಶ ತಿಳಿಯುತ್ತದೋ ಇಲ್ಲವೋ ನೋಡಲು ಕಣ್ಣು ಮುಚ್ಚಿಸಿ, ಅದರ ಮೇಲೆ ಪೆನ್ನಿನ ತುದಿ ಮುಟ್ಟಿಸಿ, "ಎಲ್ಲಿ ಮುಟ್ಟಿದೆ ತೋರಿಸವ್ವ" ಅನ್ನುತ್ತಿದ್ದೆವು. ಒಬ್ಬ ಹೆಣ್ಣುಮಗಳು ಮಾತ್ರೆ ನಿಲ್ಲಿಸಿಬಿಟ್ಟಿದ್ದಳು. "ಈ ಕೆಂಪು ಗುಳಿಗಿ ತಗೊಂಡ್ರ ಮೈ ಕರ್ರಗಾಗ್ತದ್ರಿ ಸರ, ಮಂದಿ ಗುರ್ತು ಹಿಡೀತಾರ" ಅಂದಳು. ಆ ಗುಳಿಗೆ ಕ್ಲೋಫಾಜಿಮಿನ್. ಕುಷ್ಠಕ್ಕೆ ಅದನ್ನು ಕೊಟ್ಟು ನೋಡಿದ ಮೊದಲ ವರದಿ, 1962ರಲ್ಲಿ, ಬಂದದ್ದು ಅದೇ ಉಜುಅಕೋಲಿಯಿಂದ. ಆಗ ನನಗದು ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಅವಳ ಪಕ್ಕ ಕೂತು ಆ ಊರಿನ ಕಥೆ ಹೇಳುತ್ತಿದ್ದೆ. ಆಮೇಲೆ ಮೂರು ಸಲ ಮನೆಗೆ ಹೋದ ಮೇಲೆ ಅವಳು ಮತ್ತೆ ಮಾತ್ರೆ ತೆಗೆದುಕೊಳ್ಳಲು ಒಪ್ಪಿದಳು.