ಒಂದೇ ಪುಸ್ತಕಕ್ಕೆ ದುಡ್ಡಿದ್ದರೆ ಯಾವುದು ಕೊಳ್ಳಲಿ?

ಪ್ರಶ್ನೆ: ನಾನು ನಗರ ಯೋಜನೆಯ ಸ್ನಾತಕೋತ್ತರ ವಿದ್ಯಾರ್ಥಿನಿ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದು ಮನೆ ಕಳೆದುಕೊಂಡವರಿಗೆ ಕಟ್ಟಿದ ಬಡಾವಣೆಗಳ ಮೇಲೆ ಪ್ರಬಂಧ ಬರೆಯುತ್ತಿದ್ದೇನೆ. ಜೇನ್ ಮ್ಯಾಕ್‌ಆಡಮ್ ಅವರ 'ಕ್ಲೈಮೇಟ್ ಚೇಂಜ್, ಫೋರ್ಸ್ಡ್ ಮೈಗ್ರೇಶನ್ ಅಂಡ್ ಇಂಟರ್‌ನ್ಯಾಷನಲ್ ಲಾ' (2012) ಕೊಳ್ಳಲೋ, ಇಯಾನ್ ಮ್ಯಾಕ್‌ಹಾರ್ಗ್ ಅವರ 'ಡಿಸೈನ್ ವಿತ್ ನೇಚರ್' (1969) ಕೊಳ್ಳಲೋ? ಎರಡಕ್ಕೂ ದುಡ್ಡಿಲ್ಲ.

ಉತ್ತರ: ಮ್ಯಾಕ್‌ಹಾರ್ಗ್ ಕೊಳ್ಳಿ. ಹಳೇ ಪುಸ್ತಕ ಅಂತ ಹಿಂಜರಿಯಬೇಡಿ.

ಮ್ಯಾಕ್‌ಆಡಮ್ ಅವರದು ಕಾನೂನಿನ ಪುಸ್ತಕ. ಪೆಸಿಫಿಕ್ ಸಾಗರದ ದ್ವೀಪ ದೇಶಗಳಾದ ತುವಾಲು, ಕಿರಿಬಾಟಿಗೆ, ಬಾಂಗ್ಲಾದೇಶಕ್ಕೆ ಹೋಗಿ ಜನರನ್ನು ಮಾತಾಡಿಸಿ ಬರೆದದ್ದು. ಕಡಲು ಏರಿ ಊರು ಬಿಟ್ಟವರಿಗೆ 1951ರ ನಿರಾಶ್ರಿತರ ಒಪ್ಪಂದ (ಕಿರುಕುಳಕ್ಕೆ ಹೆದರಿ ದೇಶ ಬಿಟ್ಟವರನ್ನು ಕಾಯುವ ಅಂತರರಾಷ್ಟ್ರೀಯ ಒಪ್ಪಂದ) ಯಾಕೆ ಸುಲಭವಾಗಿ ಒದಗುವುದಿಲ್ಲ ಅನ್ನುವುದನ್ನು ಚೆನ್ನಾಗಿ ಬಿಡಿಸಿ ಹೇಳುತ್ತದೆ. ಆದರೆ ಅದು ಹೆಚ್ಚಾಗಿ ಯೋಚಿಸುವುದು ದೇಶದ ಗಡಿ ದಾಟುವವರ ಬಗ್ಗೆ. ಕೊಡಗಿನವರು ಹೋದದ್ದು ಅದೇ ಜಿಲ್ಲೆಯ ಕರ್ಣಂಗೇರಿಗೆ, ಮದೆನಾಡಿಗೆ, ಜಂಬೂರಿಗೆ. ಹಾಗಾಗಿ ಮ್ಯಾಕ್‌ಆಡಮ್ ಪುಸ್ತಕವನ್ನು ಲೈಬ್ರರಿಯಲ್ಲಿ ಓದಿದರೆ ಸಾಕು.

ಮ್ಯಾಕ್‌ಹಾರ್ಗ್ ಭೂದೃಶ್ಯ ವಿನ್ಯಾಸಕಾರರು. ಅವರು ಕೇಳುವುದು ನಿಮ್ಮದೇ ಪ್ರಶ್ನೆ: ಎಲ್ಲಿ ಮನೆ ಕಟ್ಟಬಾರದು? ಮರಳು ದಿಬ್ಬ ಒಡೆದು ಮನೆ ಕಟ್ಟಿದ ನ್ಯೂಜೆರ್ಸಿಯ ಕಡಲಂಚನ್ನು 1962ರ ಮಾರ್ಚ್ ಬಿರುಗಾಳಿ ಹೇಗೆ ಹೊಡೆಯಿತು ಅನ್ನುವ ಅಧ್ಯಾಯವನ್ನು ಮೊದಲು ಓದಿ. ಬೆಟ್ಟದ ಇಳಿಜಾರು ಕಡಿದು ಮನೆ, ರಸ್ತೆ ಮಾಡಿದ ನಮ್ಮೂರುಗಳೇ ಕಣ್ಣ ಮುಂದೆ ಬರುತ್ತವೆ. ಆಮೇಲೆ ನ್ಯೂಯಾರ್ಕ್‌ನ ಸ್ಟೇಟನ್ ಐಲೆಂಡ್‌ನಲ್ಲಿ ಹೊಸ ರಸ್ತೆ ಎಲ್ಲಿ ಹಾಯಬೇಕು ಅನ್ನುವ ಅಧ್ಯಾಯ. ಇಳಿಜಾರು, ಮಣ್ಣು, ನೀರು, ಕಾಡು, ಒಂದೊಂದಕ್ಕೂ ಒಂದು ಪಾರದರ್ಶಕ ಹಾಳೆ. ರಸ್ತೆಗೆ ಅಡ್ಡಿ ಜಾಸ್ತಿ ಇರುವ ಕಡೆ ಬಣ್ಣ ಗಾಢ. ಎಲ್ಲವನ್ನೂ ಒಂದರ ಮೇಲೊಂದು ಇಟ್ಟಾಗ ತಿಳಿಯಾಗಿ ಉಳಿದ ಜಾಗವೇ ರಸ್ತೆಗೆ ಸರಿ. ಈಗ ಕಂಪ್ಯೂಟರಿನಲ್ಲಿ ಪದರ ಪದರವಾಗಿ ನಕ್ಷೆ ಮಾಡುತ್ತೇವಲ್ವಾ, ಅದೇ ಯೋಚನೆ. ಆದರೂ ಒಮ್ಮೆ ಟ್ರೇಸಿಂಗ್ ಪೇಪರಿನಲ್ಲಿ ಕೈಯಾರೆ ಮಾಡಿ. ನನ್ನ ವಿದ್ಯಾರ್ಥಿಗಳಿಗೂ ಇದನ್ನೇ ಹೇಳುತ್ತೇನೆ. ಗೆರೆ ಎಳೆಯುವಾಗ ಇಳಿಜಾರು ಕೈಗೇ ಗೊತ್ತಾಗುತ್ತದೆ.

ಒಂದು ಕೊರತೆ ಇದೆ. ಅವರ ಹಾಳೆಗಳಲ್ಲಿ ಮನೆಗಳ ಮೌಲ್ಯಕ್ಕೂ ಚರಿತ್ರೆಗೂ ಜಾಗವಿದೆ. ಅಲ್ಲಿ ಇದ್ದವರ ದುಡಿಮೆ ಎಲ್ಲಿ, ನೆಂಟರು ಎಲ್ಲಿ ಅನ್ನುವುದಕ್ಕೆ ಇಲ್ಲ. ಹೊಸ ಮನೆ ಗಟ್ಟಿ ನೆಲದಲ್ಲೇ ಇರಬಹುದು. ಕಾಫಿ ತೋಟ ಹಳೇ ಬೆಟ್ಟದಲ್ಲೇ ಉಳಿದಿದ್ದರೆ? ಬಡಾವಣೆಗೆ ಹೋಗಿ ಮನೆಮನೆಯಲ್ಲೂ ಕೇಳಿ: ದಿನಾ ಕೆಲಸಕ್ಕೆ ಎಷ್ಟು ದೂರ ಹೋಗ್ತೀರಿ? ಆ ದೂರವನ್ನೂ ಒಂದು ಹಾಳೆ ಮಾಡಿ, ಉಳಿದವುಗಳ ಮೇಲೆ ಇಡಿ.